ಒಂಬತ್ತು ಲಕ್ಷದೊಳಗೆ ಯಾವ ಕಾರು? ಗುಡ್ಡೆ ಹತ್ತಬೇಕು, ಅಪ್ಪ ಸಲೀಸಾಗಿ ಕೂರಬೇಕು

ಪಡ್ರೆ ಕೃಷಿಕ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪಡ್ರೆಯಲ್ಲಿ. ನಮ್ಮಲ್ಲಿ ಈಗ ಇರುವುದು 2012ರ ಆಲ್ಟೊ. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು, ಚೆನ್ನಾಗಿಯೇ ದುಡಿದಿದೆ. ಆದರೆ ಕಳೆದ ದೀಪಾವಳಿ ಕಳೆದು ಅಪ್ಪನಿಗೆ ಮೊಣಕಾಲಿನ ಆಪರೇಷನ್ ಆಯಿತು. ಅವರಿಗೆ 74 ವರ್ಷ. ತಿಂಗಳಿಗೊಮ್ಮೆ ಮಂಗಳೂರಿಗೆ ತೋರಿಸಲು ಹೋಗಬೇಕು. ಆಲ್ಟೊದೊಳಗೆ ಕೂರುವಾಗ ಅವರು ಹಲ್ಲು ಕಚ್ಚುವುದನ್ನು ನೋಡಲಿಕ್ಕೆ ಆಗುವುದಿಲ್ಲ.

ಮನೆಯಲ್ಲಿ ಅಪ್ಪ, ಅಮ್ಮ, ನಾನು, ಹೆಂಡತಿ, ಇಬ್ಬರು ಮಕ್ಕಳು. ದೊಡ್ಡವನಿಗೆ 9, ಚಿಕ್ಕವಳಿಗೆ 4. ಟಾರು ಮಾರ್ಗದಿಂದ ಮನೆಗೆ ಸುಮಾರು 600 ಮೀಟರ್. ಕೊನೆಯ 150 ಮೀಟರ್ ಒಳ್ಳೆ ಚಡಾವು. ಅದರಲ್ಲಿ ಅರ್ಧಕ್ಕೆ ಟಯರು ಹೋಗುವಷ್ಟು ಅಗಲದ ಕಾಂಕ್ರೀಟು ಪಟ್ಟಿ ಇದೆ, ಉಳಿದದ್ದು ಮಣ್ಣು. ಮಳೆಗಾಲದಲ್ಲಿ ಟಯರು ಸುಮ್ನೆ ತಿರುಗುತ್ತದೆ. ಚಡಾವು ಶುರುವಾಗುವಲ್ಲಿ ನೀರಿನ ಕಣಿ ಒಂದನ್ನು ದಾಟಬೇಕು, ಅಲ್ಲಿ ಆಲ್ಟೊದ ಅಡಿ ತಾಗುತ್ತದೆ.

ತಿಂಗಳಿಗೆ ಓಡುವುದು 700–800 ಕಿ.ಮೀ. ಬಜೆಟ್ ಆನ್‌ರೋಡ್ 9 ಲಕ್ಷ. ತಲೆಯಲ್ಲಿರುವುದು ವ್ಯಾಗನ್‌ಆರ್, ಪಂಚ್, ಇಲ್ಲವೆಂದರೆ ಎರಡು ಮೂರು ವರ್ಷ ಹಳೆಯ ಬ್ರೆಝಾ. ನನ್ನ ಪ್ರಶ್ನೆಗಳು: ಆಟೋಮ್ಯಾಟಿಕ್ ಗೇರು ತೆಗೆದುಕೊಳ್ಳಬಹುದಾ? ಹೆಂಡತಿ ಈಗಷ್ಟೇ ಲೈಸೆನ್ಸ್ ಮಾಡಿಸಿದ್ದಾಳೆ. ಇನ್ನೊಂದು, ಪುತ್ತೂರಿನಲ್ಲಿರುವ ತಮ್ಮ ತನ್ನ ಹೆಸರಿನಲ್ಲಿ ಕರ್ನಾಟಕದ ಕೆಎ 21 ನಂಬರ್ ಮಾಡಿಸು, ಅಲ್ಲಿ ಟ್ಯಾಕ್ಸ್ ಕಮ್ಮಿ ಎನ್ನುತ್ತಾನೆ. ಹೌದಾ?

ಕುಂಬಳೆ ಗ್ಯಾರೇಜ್:
ಮೊದಲು ಕಾರಿನ ಮಾತು ಬಿಡಿ. ಆ ಕಣಿಯ ಮಾತು ಆಡುವ.

ಅಡಿ ತಾಗುವುದು ಚಡಾವಿನಲ್ಲಿ ಅಲ್ಲ, ಚಡಾವು ಶುರುವಾಗುವ ಮತ್ತು ಮುಗಿಯುವ ಜಾಗದಲ್ಲಿ. ಎದುರಿನ ಚಕ್ರ ಮೇಲೆ ಹತ್ತಿರುತ್ತದೆ, ಹಿಂದಿನದ್ದು ಇನ್ನೂ ಕೆಳಗೆ ಇರುತ್ತದೆ, ನಡುವಿನ ಹೊಟ್ಟೆ ಕಲ್ಲಿಗೆ ಕೂರುತ್ತದೆ. ಇಲ್ಲವೆಂದರೆ ಎದುರಿನ ಬಂಪರ್ ನೆಲಕ್ಕೆ ಒರಸುತ್ತದೆ. ಕಂಪನಿಯವರು ಹೇಳುವ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಗಾಡಿಯ ಅಡಿಗೆ ಇರುವ ಎತ್ತರ, ಸಾಮಾನ್ಯವಾಗಿ ಖಾಲಿ ಗಾಡಿಯದ್ದು. ವ್ಯಾಗನ್‌ಆರ್‌ಗೆ 165 ಮಿ.ಮೀ., ಪಂಚ್‌ಗೆ 187, ಬ್ರೆಝಾಗೆ 198. ಐದು ಜನ ಕೂತು ಡಿಕ್ಕಿಯಲ್ಲಿ ಒಂದು ಗೋಣಿ ಅಡಿಕೆ ಹಾಕಿದಿರಿ ಅಂತ ಇಟ್ಟುಕೊಳ್ಳಿ. ಸ್ಪ್ರಿಂಗ್ ಕೆಳಗೆ ಕೂತು ಇದರಲ್ಲಿ ಎಷ್ಟೋ ಕಳೆದುಹೋಗುತ್ತದೆ.

ನಾನು ಮಾಡುವುದಾದರೆ ಹೀಗೆ ಮಾಡುತ್ತೇನೆ. ಕಣಿಗೆ ಸಿಮೆಂಟ್ ಪೈಪು ಇಟ್ಟು, ಮೇಲೆ ಮುರಕಲ್ಲಿನ ಚೂರು ತುಂಬಿಸಿ, ಎರಡೂ ಕಡೆ ಮೂರು ಮೂರು ಮೀಟರ್ ಉದ್ದಕ್ಕೆ ಕಾಂಕ್ರೀಟು ಹಾಕಿಸುತ್ತೇನೆ. ಏರು ಒಮ್ಮೆಲೇ ಬರಬಾರದು, ಮೆಲ್ಲ ಬರಬೇಕು. ಮಣ್ಣಿನ ಭಾಗಕ್ಕೂ ಎರಡು ಪಟ್ಟಿ ಹಾಕಿಸಿ. ಕಾಂಕ್ರೀಟು ಹಸಿಯಿರುವಾಗಲೇ ಅಡ್ಡಕ್ಕೆ ಗೀರು ಎಳೆಯಬೇಕು. ಆ ಗೀರನ್ನು ನೇರ ಅಡ್ಡ ಎಳೆಯಬೇಡಿ, ಸ್ವಲ್ಪ ಓರೆ ಇರಲಿ, ನೀರು ಬದಿಗೆ ಇಳಿದು ಹೋಗಬೇಕು. ಇಲ್ಲದಿದ್ದರೆ ಆಟಿ ತಿಂಗಳ ಜಡಿಮಳೆಗೆ ಪಾಚಿ ಕಟ್ಟಿ ಮಣ್ಣಿಗಿಂತ ಜಾಸ್ತಿ ಜಾರುತ್ತದೆ.

ಇದಕ್ಕೆ ಆಗುವ ಖರ್ಚು, ಎತ್ತರದ ಕಾರಿಗೆ ಅಂತ ನೀವು ಜಾಸ್ತಿ ಕೊಡುವ ಹಣಕ್ಕಿಂತ ಎಷ್ಟೋ ಕಮ್ಮಿ. ಗ್ಯಾರೇಜಿಗೆ ವರ್ಷಕ್ಕೆ ಏಳೆಂಟು ಗಾಡಿ ಅಡಿ ಒಡೆದು ಬರುತ್ತವೆ. ಎಲ್ಲವೂ ಮನೆಯ ದಾರಿಯಲ್ಲೇ ಒಡೆದದ್ದು, ಹೆದ್ದಾರಿಯಲ್ಲಿ ಒಂದೂ ಅಲ್ಲ.

ಪಡ್ರೆ ಕೃಷಿಕ:
ಇದನ್ನು ನಾನು ಯೋಚಿಸಿಯೇ ಇರಲಿಲ್ಲ ಅಣ್ಣ. ಜಲ್ಲಿ, ಮುರಕಲ್ಲು ಅಂಗಳದ ಬದಿಯಲ್ಲೇ ಬಿದ್ದಿದೆ. ಮುಂದಿನ ವಾರ ಮೇಸ್ತ್ರಿಯನ್ನು ಕರೆಸುತ್ತೇನೆ.

ಬದಿಯಡ್ಕ ಮೇಷ್ಟ್ರು:
ರಿಜಿಸ್ಟ್ರೇಷನ್ ವಿಷಯಕ್ಕೆ ನಾನು ಉತ್ತರಿಸುತ್ತೇನೆ, ಇದರಲ್ಲಿ ಗಡಿನಾಡಿನವರು ಬಹಳ ಮಂದಿ ಸಿಕ್ಕಿಬಿದ್ದಿದ್ದಾರೆ.

ಟ್ಯಾಕ್ಸ್ ಕಮ್ಮಿ ಎಂಬುದು ಹಳೆಯ ನಂಬಿಕೆ. ಕೇರಳದಲ್ಲಿ 2023ರ ಬಜೆಟ್ಟಿನ ನಂತರ 5ರಿಂದ 10 ಲಕ್ಷದೊಳಗಿನ ಕಾರಿಗೆ ಶೇ. 13. ಕರ್ನಾಟಕದಲ್ಲಿ ಅದೇ ಬೆಲೆಯ ಕಾರಿಗೆ ಶೇ. 14, ಅದರ ಮೇಲೆ ಸೆಸ್ ಬೇರೆ. ಹಾಗಾದರೆ ಉಳಿಯುವುದು ಎಂತ? ಏನೂ ಇಲ್ಲ.

ಇನ್ನು ಕಾನೂನು. ಬೇರೆ ರಾಜ್ಯದ ನಂಬರಿನ ಗಾಡಿ ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದರೆ ಅಲ್ಲಿನ ನಂಬರಿಗೆ ಬದಲಾಯಿಸಬೇಕು. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಹೇಳುವುದು ಇದನ್ನೇ. ಆಗ ಅಲ್ಲಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ತರಬೇಕು, ಇಲ್ಲಿ ಮತ್ತೆ ಟ್ಯಾಕ್ಸ್ ಕಟ್ಟಬೇಕು, ಅಲ್ಲಿ ಕಟ್ಟಿದ್ದನ್ನು ವಾಪಸು ಕೇಳಲು ಅರ್ಜಿ ಹಿಡಿದು ಅಲೆಯಬೇಕು.

ಎಲ್ಲಕ್ಕಿಂತ ದೊಡ್ಡದು ಹೆಸರು. ಗಾಡಿ ತಮ್ಮನ ಹೆಸರಿನಲ್ಲಿ, ಓಡಿಸುವುದು ನೀವು. ನಾಳೆ ಏನಾದರೂ ಆದರೆ ಕೋರ್ಟಿನ ಕಾಗದ ಅವನಿಗೆ ಬರುತ್ತದೆ, ಕ್ಲೇಮಿಗೆ ಸಹಿ ಅವನೇ ಹಾಕಬೇಕು. ಅಣ್ಣತಮ್ಮಂದಿರ ನಡುವೆ ಇಂಥ ಭಾರ ಇಡಬೇಡಿ. ನಿಮ್ಮ ಮನೆ ಕಾಸರಗೋಡು ಜಿಲ್ಲೆಯಲ್ಲಿದೆ, ಕೆಎಲ್ 14 ಮಾಡಿಸಿ. ಕನ್ನಡಿಗರ ಮನೆಯ ಅಂಗಳದಲ್ಲಿ ಕೆಎಲ್ ನಂಬರ್ ಇರುವುದರಲ್ಲಿ ಯಾವ ಕೊರತೆಯೂ ಇಲ್ಲ.

ಮಂಜೇಶ್ವರ ದಿನಪ್ರಯಾಣಿಕ:
ಮೇಷ್ಟ್ರು ಹೇಳಿದ್ದು ಸರಿ. ಇನ್ನೊಂದು ಲೆಕ್ಕ ಸೇರಿಸುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಗಿದೆ. 4 ಮೀಟರ್ ಒಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ಈಗ ಶೇ. 18. ವ್ಯಾಗನ್‌ಆರ್, ಪಂಚ್ ಎರಡೂ ಇದರಲ್ಲಿ ಬರುತ್ತವೆ. ಬ್ರೆಝಾ ಉದ್ದದಲ್ಲಿ 4 ಮೀಟರ್ ಒಳಗೇ ಇದ್ದರೂ ಇಂಜಿನ್ 1462 ಸಿಸಿ, ಹಾಗಾಗಿ ಅದಕ್ಕೆ ಶೇ. 40. ಹೊಸ ಸಣ್ಣ ಕಾರಿನ ಬೆಲೆ ಇಳಿದ ಮೇಲೆ ಸೆಕೆಂಡ್ ಹ್ಯಾಂಡ್ ಮಾರುವವರು ಹಳೇ ರೇಟನ್ನೇ ಹಿಡಿದು ಕೂತರೆ ಒಪ್ಪಬೇಡಿ. ಹೊಸ ಬೆಲೆಯನ್ನು ಎದುರಿಗಿಟ್ಟು ಚೌಕಾಸಿ ಮಾಡಿ.

ಉಪ್ಪಳ ಡ್ರೈವರ್:
ನಾನು 22 ವರ್ಷದಿಂದ ಟ್ಯಾಕ್ಸಿ ಓಡಿಸುತ್ತಿದ್ದೇನೆ. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವುದಾದರೆ ಎರಡು ಜಾತಿಯ ಗಾಡಿಗಳ ಬಗ್ಗೆ ಜಾಗ್ರತೆ.

ಒಂದು, ನೀರು ಕುಡಿದ ಗಾಡಿ. 2018 ಮತ್ತು 2019ರ ನೆರೆಯಲ್ಲಿ ಮುಳುಗಿದ ಎಷ್ಟೋ ಕಾರುಗಳು ತೊಳೆದು ಪಾಲಿಶ್ ಆಗಿ ಬೇರೆ ಬೇರೆ ಊರಿಗೆ ಹೋಗಿವೆ. ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಸೀಟ್ ಬೆಲ್ಟನ್ನು ಪೂರ್ತಿ, ಕೊನೆಯವರೆಗೆ ಎಳೆಯಿರಿ. ಸುತ್ತಿಕೊಂಡಿರುವ ಕೊನೆಯ ಒಂದು ಮೊಳದಲ್ಲಿ ಕೆಸರಿನ ಗೆರೆ ಇದ್ದರೆ ಅಲ್ಲಿಗೆ ಕೈ ಮುಗಿದು ಬನ್ನಿ. ಡಿಕ್ಕಿಯ ಚಾಪೆ ಎತ್ತಿ ಸ್ಟೆಪ್ನಿ ಇಡುವ ಗುಂಡಿಯನ್ನು ಬೆರಳಿನಿಂದ ಉಜ್ಜಿ ನೋಡಿ. ಸೀಟಿನ ಕೆಳಗಿನ ಬೋಲ್ಟು ತುಕ್ಕು ಹಿಡಿದಿದೆಯಾ ನೋಡಿ. ಸೆಂಟು ಜಾಸ್ತಿ ಹೊಡೆದಿದ್ದರೆ ಯಾಕೆ ಹೊಡೆದರು ಅಂತ ಕೇಳಿ.

ಎರಡು, ನಿಂತ ಗಾಡಿ. ನಮ್ಮ ಜಿಲ್ಲೆಯಲ್ಲಿ ಗಲ್ಫಿನಿಂದ ಬಂದು ಕಾರು ತೆಗೆದು, ಎರಡು ತಿಂಗಳು ಓಡಿಸಿ, ಪೋರ್ಚಿನಲ್ಲಿಟ್ಟು ವಾಪಸು ಹೋಗುವವರು ತುಂಬ. ಏಳು ವರ್ಷದ ಗಾಡಿ, ಓಡಿದ್ದು 18 ಸಾವಿರ ಮಾತ್ರ. ಸುಳ್ಳಲ್ಲ, ನಿಜವೇ. ಆದರೆ ನಿಂತಲ್ಲೇ ರಬ್ಬರು ಒಣಗಿರುತ್ತದೆ, ಬ್ಯಾಟರಿ ಸತ್ತಿರುತ್ತದೆ, ಎಸಿ ಪೈಪಿನಲ್ಲಿ ಲೀಕು ಶುರುವಾಗಿರುತ್ತದೆ. ಟಯರಿನ ಬದಿಯಲ್ಲಿ ನಾಲ್ಕು ಅಂಕೆ ಇರುತ್ತದೆ, ನೋಡಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ಮಾಡಿದ್ದು. ಮೇಲಿನ ಗೀರು ಸವೆಯದೆ ಹೊಸದರಂತೆ ಕಂಡರೂ ಅಂಥ ಟಯರಿನಲ್ಲಿ ಮಳೆಗೆ ಬ್ರೇಕು ಹಿಡಿಯುವುದಿಲ್ಲ. ನಾಲ್ಕು ಟಯರು, ಒಂದು ಬ್ಯಾಟರಿಯ ಹಣ ಬೆಲೆಯಲ್ಲಿ ಕಳೆದು ಮಾತಾಡಿ.

ಮತ್ತೆ ಆರ್‌ಸಿಯಲ್ಲಿ ಬ್ಯಾಂಕಿನ ಸಾಲದ ಎಂಟ್ರಿ ತೆಗೆದಿದ್ದಾರಾ ಅಂತ ಅಡ್ವಾನ್ಸ್ ಕೊಡುವ ಮೊದಲೇ ನೋಡಬೇಕು. ಸಾಲ ತೀರಿದೆ ಅಂತ ಬಾಯಿಯಲ್ಲಿ ಹೇಳಿದರೆ ಸಾಲದು.

ಮುಳ್ಳೇರಿಯ ಅಕ್ಕ:
ಅಪ್ಪನ ಮೊಣಕಾಲಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ನನ್ನ ಅತ್ತೆಗೆ ಎರಡೂ ಕಾಲಿಗೆ ಆಪರೇಷನ್ ಆಗಿದೆ, ಹಾಗಾಗಿ ಇದನ್ನು ಅನುಭವದಿಂದ ಹೇಳುತ್ತೇನೆ.

ಮನೆಯಲ್ಲಿ ಅಪ್ಪ ಯಾವ ಕುರ್ಚಿಯಿಂದ ಕೈ ಊರದೆ ಏಳುತ್ತಾರೆ, ಆ ಕುರ್ಚಿಯ ಎತ್ತರವನ್ನು ಟೇಪಿನಲ್ಲಿ ಅಳೆಯಿರಿ. ಆ ಟೇಪನ್ನೇ ಶೋರೂಮಿಗೆ ತೆಗೆದುಕೊಂಡು ಹೋಗಿ. ನೆಲದಿಂದ ಕಾರಿನ ಸೀಟಿನ ಅಂಚಿಗೆ ಎಷ್ಟು ಅಂತ ನೋಡಿ. ಕುರ್ಚಿಗಿಂತ ತೀರ ಕೆಳಗಿದ್ದರೆ ಏಳುವಾಗ ಕಷ್ಟ. ಮೇಲಿದ್ದರೆ ಕೂರುವಾಗ ಹತ್ತಿದ ಹಾಗೆ ಆಗುತ್ತದೆ. ನಾವು ಹೀಗೆ ಅಳೆದು ನೋಡಿದಾಗ, ಚಂದ ಅಂತ ಎಲ್ಲರೂ ಮೆಚ್ಚಿದ ಸೆಡಾನ್ ನಾಲ್ಕು ಇಂಚು ತಗ್ಗಿತ್ತು. ಅಲ್ಲಿಗೇ ಬಿಟ್ಟೆವು.

ಎರಡನೆಯದು, ಬಾಗಿಲಿನ ಕೆಳಗಿನ ಹೊಸಿಲು. ಸೀಟು ಸರಿಯಿದ್ದರೂ ಹೊಸಿಲು ಎತ್ತರ ಇದ್ದರೆ ಕಾಲು ಎತ್ತಿ ಒಳಗೆ ಇಡಲು ಆಗುವುದಿಲ್ಲ. ಅತ್ತೆಯ ಫಿಸಿಯೋಥೆರಪಿ ಮಾಡಿಸುತ್ತಿದ್ದವರು ಒಂದು ಕ್ರಮ ಹೇಳಿಕೊಟ್ಟರು. ಎದುರಿನ ಸೀಟನ್ನು ಪೂರ್ತಿ ಹಿಂದೆ ದೂಡಬೇಕು, ಬೆನ್ನು ಸ್ವಲ್ಪ ಮಲಗಿಸಬೇಕು. ಕಾರಿಗೆ ಬೆನ್ನು ಹಾಕಿ ನಿಂತು, ಮೊದಲು ಸೊಂಟ ಕೂರಬೇಕು, ಆಮೇಲೆ ಎರಡೂ ಕಾಲು ಒಟ್ಟಿಗೆ ತಿರುಗಿಸಿ ಒಳಗೆ ತರಬೇಕು. ಸೀಟಿನ ಮೇಲೆ ಒಂದು ಪ್ಲಾಸ್ಟಿಕ್ ತೊಟ್ಟೆ ಹಾಸಿದರೆ ತಿರುಗುವುದು ಸಲೀಸು. ಕೂತ ಮೇಲೆ ಅದನ್ನು ಎಳೆದು ತೆಗೆಯಿರಿ, ಇಲ್ಲದಿದ್ದರೆ ಬ್ರೇಕು ಹಾಕುವಾಗ ಜಾರುತ್ತಾರೆ. ಪ್ರತಿ ಸಲ ನಾನು ಅತ್ತೆಯ ಸೀರೆಯ ನೆರಿಗೆ ಬಾಗಿಲಿಗೆ ಸಿಗದ ಹಾಗೆ ಒಳಗೆ ಸೇರಿಸಿ, ಅವರು 'ಹೂಂ' ಅಂದ ಮೇಲೆಯೇ ಬಾಗಿಲು ಹಾಕುವುದು.

ಅಪ್ಪನನ್ನು ಬಿಟ್ಟು ಕಾರು ನೋಡಲು ಹೋಗಬೇಡಿ. ಎರಡು ಸಲ ಕೂರಿಸಿ, ಎರಡು ಸಲ ಇಳಿಸಿ.

ಆಟೋಮ್ಯಾಟಿಕ್ ಬಗ್ಗೆ: ನಾನು ನಾಲ್ಕು ವರ್ಷದಿಂದ ಎಎಂಟಿ ಎಂಬ ಆಟೋಮ್ಯಾಟಿಕ್ ಗೇರಿನ ಗಾಡಿ ಓಡಿಸುತ್ತಿದ್ದೇನೆ. ಚೆರ್ಕಳದ ಪೇಟೆಯಲ್ಲಿ ಬಸ್ಸಿನ ಹಿಂದೆ ನಿಂತು ನಿಂತು ಹೋಗುವಾಗ ಎಡಗಾಲಿಗೆ ಪೂರ್ತಿ ವಿಶ್ರಾಂತಿ. ಹೆದರಿಕೆಯಿಂದ ಕಾರು ಮುಟ್ಟದಿದ್ದ ನನ್ನ ತಂಗಿ ಈಗ ಮಕ್ಕಳನ್ನು ಶಾಲೆಗೆ ಬಿಟ್ಟು ಬರುತ್ತಾಳೆ. ಆದರೆ ಚಡಾವಿನಲ್ಲಿ ನಿಲ್ಲಿಸಿ ಹೊರಡುವಾಗ ಇದು ಹಿಂದೆ ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಹಿಲ್ ಹೋಲ್ಡ್ ಇರುವ ಮಾಡೆಲ್ ಆದರೆ ಎರಡು ಸೆಕೆಂಡು ತಡೆದು ನಿಲ್ಲಿಸುತ್ತದೆ. ಇಲ್ಲದಿದ್ದರೆ ಹ್ಯಾಂಡ್ ಬ್ರೇಕು ಎಳೆದು, ಆಕ್ಸಿಲರೇಟರ್ ಒತ್ತಿ, ಗಾಡಿಯ ಮೂತಿ ಸ್ವಲ್ಪ ಎದ್ದಾಗ ಬ್ರೇಕು ಬಿಡಬೇಕು. ಎರಡು ದಿನದ ಅಭ್ಯಾಸ ಸಾಕು.

ಕುಂಬಳೆ ಗ್ಯಾರೇಜ್:
ಅಕ್ಕ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಎಎಂಟಿ ಅಂದರೆ ಒಳಗೆ ಇರುವುದು ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ಚನ್ನು ನಿಮ್ಮ ಕಾಲಿನ ಬದಲು ಒಂದು ಮೋಟಾರು ಒತ್ತುತ್ತದೆ, ಅಷ್ಟೇ. ಚಡಾವಿನಲ್ಲಿ ಬ್ರೇಕು ಹಿಡಿಯದೆ ಆಕ್ಸಿಲರೇಟರಿನಲ್ಲೇ ಗಾಡಿ ನಿಲ್ಲಿಸಿಕೊಂಡರೆ ಕ್ಲಚ್ಚು ಸುಡುತ್ತದೆ. ಕರಟ ಸುಟ್ಟ ಹಾಗೆ ಒಂದು ವಾಸನೆ ಬರುತ್ತದೆ. ಅದು ಬಂದರೆ ಗಾಡಿ ಬಂದ್ ಮಾಡಿ ಹತ್ತು ನಿಮಿಷ ಸುಮ್ಮನಿರಿ. ಪೇಟೆಯವರಿಗೆ, ಮಾರ್ಗದ ಬದಿಯ ಮನೆಯವರಿಗೆ ಎಎಂಟಿ ಬಹಳ ಒಳ್ಳೆಯದು. ದಿನಾ ಕೆಸರು ಚಡಾವು ಹತ್ತುವವರಿಗೆ ನಾನು ಮ್ಯಾನುವಲ್ಲೇ ಹೇಳುತ್ತೇನೆ.

ಬದಿಯಡ್ಕ ಮೇಷ್ಟ್ರು:
ಮಕ್ಕಳ ವಿಷಯ ಬರಲಿಲ್ಲ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿ.ಮೀ. ಈಗ ಆರು ಲೇನು. ಮೊದಲು 50ರಲ್ಲಿ ಹೋಗುತ್ತಿದ್ದ ನಾವೇ ಈಗ ಗೊತ್ತಿಲ್ಲದೆ 90 ಮುಟ್ಟುತ್ತೇವೆ. ಮಾರ್ಗ ಬದಲಾಯಿತು, ಆದರೆ ಹಿಂದಿನ ಸೀಟಿನಲ್ಲಿ ಮಗುವನ್ನು ಮಡಿಲಲ್ಲಿ ಕೂರಿಸುವುದು ಬದಲಾಗಲಿಲ್ಲ. ಆ ವೇಗದಲ್ಲಿ ಗುದ್ದಿದರೆ ಅಜ್ಜಿಯ ಕೈ ಮಗುವನ್ನು ಹಿಡಿದು ನಿಲ್ಲಿಸಲಾರದು. ಅಷ್ಟೇ ಅಲ್ಲ, ಹಿಂದಿನಿಂದ ಅಜ್ಜಿಯ ಭಾರವೇ ಮಗುವಿನ ಮೇಲೆ ಬೀಳುತ್ತದೆ. ಇದನ್ನು ಶಾಲೆಯ ಪೋಷಕರ ಸಭೆಯಲ್ಲಿ ಪ್ರತಿ ವರ್ಷ ಹೇಳುತ್ತೇನೆ, ಇಲ್ಲಿಯೂ ಹೇಳುತ್ತೇನೆ.

ಕಾರಿನ ಗಟ್ಟಿತನ ಬಾಗಿಲು ಹಾಕಿದ ಸದ್ದಿನಲ್ಲಿ ಗೊತ್ತಾಗುವುದಿಲ್ಲ. ಗುದ್ದಿಸಿ ಪರೀಕ್ಷೆ ಮಾಡಿದ ಫಲಿತಾಂಶ ನೋಡಿ. 2018ರಲ್ಲಿ ನೆಕ್ಸಾನ್ ಗ್ಲೋಬಲ್ ಎನ್‌ಕ್ಯಾಪ್ ಎಂಬ ಪರೀಕ್ಷೆಯಲ್ಲಿ ಐದು ಸ್ಟಾರ್ ಪಡೆದ ಮೊದಲ ಭಾರತೀಯ ಕಾರಾಯಿತು. 2021ರಲ್ಲಿ ಪಂಚ್‌ಗೂ ದೊಡ್ಡವರ ರಕ್ಷಣೆಗೆ ಐದು ಸ್ಟಾರ್ ಸಿಕ್ಕಿತು. 2023ರ ಪರೀಕ್ಷೆಯಲ್ಲಿ ವ್ಯಾಗನ್‌ಆರ್‌ಗೆ ಸಿಕ್ಕಿದ್ದು ಒಂದೇ. ಆ ಮೇಲೆ ಅದಕ್ಕೆ ಆರು ಏರ್‌ಬ್ಯಾಗ್ ಬಂತು, ಅದು ಒಳ್ಳೆಯದೇ. ಆದರೆ ಏರ್‌ಬ್ಯಾಗ್ ಬೇರೆ, ಬಾಡಿಯ ಗಟ್ಟಿತನ ಬೇರೆ. 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಕೂಡ ಇದೆ.

ಚಿಕ್ಕವಳಿಗೆ ಮಕ್ಕಳ ಸೀಟು ತೆಗೆದುಕೊಳ್ಳಿ. ಅದನ್ನು ಕೊಕ್ಕೆಯಲ್ಲಿ ಸಿಕ್ಕಿಸುವ ಐಸೋಫಿಕ್ಸ್ ಹಿಂದಿನ ಸೀಟಿನಲ್ಲಿ ಇದೆಯಾ ಅಂತ ಬೆರಳು ಹಾಕಿ ನೋಡಿ. ನಡುವೆ ಕೂರುವವರಿಗೂ ಮೂರು ಕಡೆಯ ಬೆಲ್ಟು ಇದೆಯಾ ಕೇಳಿ.

ಮಂಜೇಶ್ವರ ದಿನಪ್ರಯಾಣಿಕ:
ವ್ಯಾಗನ್‌ಆರ್ ಇಟ್ಟುಕೊಂಡವನಾಗಿ ಹೇಳುತ್ತೇನೆ ಮೇಷ್ಟ್ರೇ, ನಿಮ್ಮ ಮಾತನ್ನು ಅಲ್ಲಗಳೆಯುವುದಿಲ್ಲ. ಆದರೆ ಆರು ವರ್ಷದಲ್ಲಿ ನನ್ನ ಗಾಡಿ ಒಂದು ದಿನವೂ ಮಾರ್ಗದಲ್ಲಿ ನಿಲ್ಲಲಿಲ್ಲ. ಯಾವ ಊರಿಗೆ ಹೋದರೂ ಸಾಮಾನು ಸಿಗುತ್ತದೆ, ಯಾವ ಮೆಕ್ಯಾನಿಕ್ಕಿಗೂ ಕೈ ತುದಿಯಲ್ಲಿ ಗೊತ್ತು. ಎತ್ತರದ ಮಾಡು, ನೇರ ಕೂರುವ ಸೀಟು, ಮುದುಕರಿಗೆ ಅದರಷ್ಟು ಸುಲಭದ ಕಾರು ಈ ಬೆಲೆಯಲ್ಲಿ ಇಲ್ಲ. ತಿಂಗಳ ಖರ್ಚು ಲೆಕ್ಕ ಹಾಕುವ ಮನೆಗೆ ಇದೂ ಮುಖ್ಯ ಅಲ್ವಾ?

ದಿನಾ ಮಂಗಳೂರಿಗೆ ಹೋಗುವವರಿಗೆ ಇನ್ನೊಂದು ವಿಷಯ. ಫಾಸ್ಟ್‌ಟ್ಯಾಗಿನ ವರ್ಷದ ಪಾಸು 2025ರ ಆಗಸ್ಟ್ 15ರಿಂದ ಬಂದಿದೆ. 3000 ರೂಪಾಯಿಗೆ ಶುರುವಾಯಿತು, 200 ಟ್ರಿಪ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ತಿಂಗಳಿಗೊಮ್ಮೆ ಹೋಗುವ ಪಡ್ರೆಯವರಿಗೆ ಬೇಡ. ನನ್ನಂಥವರಿಗೆ ಕೆಲವೇ ತಿಂಗಳಲ್ಲಿ ಮುಗಿದುಹೋಗುತ್ತದೆ, ಆದರೂ ಲಾಭ.

ಪೆಟ್ರೋಲು ಕರ್ನಾಟಕದಲ್ಲಿ ಕೆಲವು ರೂಪಾಯಿ ಕಮ್ಮಿ ಅಂತ ಗಡಿ ದಾಟಿ ತುಂಬಿಸುವುದು ನಮ್ಮೆಲ್ಲರ ಅಭ್ಯಾಸ. ಹೇಗೂ ಆ ಕಡೆ ಹೋಗುವ ದಿನ ತುಂಬಿಸಿ. ಅದಕ್ಕಾಗಿಯೇ ಹೋಗಬೇಡಿ. ಲೀಟರಿಗೆ 4 ರೂಪಾಯಿ ಅಂತ ಹಿಡಿದರೂ 30 ಲೀಟರಿಗೆ ಉಳಿಯುವುದು 120. ಹೋಗಿ ಬರುವ ದಾರಿ 20 ಕಿ.ಮೀ. ಆದರೆ ಅದೇ ಪೆಟ್ರೋಲು ಸುಟ್ಟುಹೋಗುತ್ತದೆ.

ನೀರ್ಚಾಲು ಇವಿ:
ಕರೆಂಟಿನ ಕಾರು ಯಾರೂ ಹೇಳಲಿಲ್ಲ ಅಂತ ಬರೆಯುತ್ತಿದ್ದೇನೆ. ನನ್ನದು ಎರಡು ಮಳೆಗಾಲ ಕಂಡ ಸಣ್ಣ ಇವಿ. ಜಿಎಸ್‌ಟಿ ಶೇ. 5, ಕೇರಳದಲ್ಲಿ 15 ಲಕ್ಷದವರೆಗಿನ ಇವಿಗೆ ರೋಡ್ ಟ್ಯಾಕ್ಸೂ ಶೇ. 5. ಚಡಾವಿನಲ್ಲಿ ಇದಕ್ಕೆ ಸಾಟಿ ಇಲ್ಲ. ಗೇರು ಇಲ್ಲ, ಕ್ಲಚ್ಚು ಇಲ್ಲ, ಒತ್ತಿದ ಕೂಡಲೇ ಪೂರ್ತಿ ಶಕ್ತಿ.

ಆದರೆ ತೋಟದ ಮನೆಗೆ ಕೆಲವು ವಿಷಯ ಗೊತ್ತಿರಬೇಕು. ಮನೆಯ ಅರ್ಥಿಂಗ್ ಸರಿ ಇರಬೇಕು, ಇಲ್ಲದಿದ್ದರೆ ಚಾರ್ಜರ್ ಕೆಲಸವೇ ಮಾಡುವುದಿಲ್ಲ. ನಮ್ಮಲ್ಲಿ ಹಳೆಯ ಅರ್ಥಿಂಗ್ ತೆಗೆದು ಹೊಸ ಗುಂಡಿ ತೋಡಿಸಿ ಇದ್ದಲು, ಉಪ್ಪು ಹಾಕಿಸಬೇಕಾಯಿತು. ಮಳೆಗಾಲದಲ್ಲಿ ಕಂಗಿನ ಮರ ತಂತಿಗೆ ಬಿದ್ದರೆ ಎರಡು ದಿನ ಕರೆಂಟಿಲ್ಲ, ಹಾಗಾಗಿ ಚಾರ್ಜು ಅರ್ಧಕ್ಕಿಂತ ಕೆಳಗೆ ಇಳಿಯಲು ಬಿಡುವುದಿಲ್ಲ. ತುಲಾ ತಿಂಗಳ ಸಂಜೆ ಗುಡುಗು ಶುರುವಾಯಿತೆಂದರೆ ಮೊದಲು ಓಡಿ ಹೋಗಿ ಪ್ಲಗ್ ಕೀಳುವುದೇ ಕೆಲಸ.

9 ಲಕ್ಷದೊಳಗೆ, ಆರು ಜನರ ಮನೆಗೆ, ಒಂದೇ ಕಾರು ಎಂದರೆ ನಾನು ಇವಿ ಒತ್ತಾಯ ಮಾಡುವುದಿಲ್ಲ. ಎರಡನೇ ಕಾರಾಗಿ ಆದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ.

ಅಡೂರಿನವ:
ಸಿಎನ್‌ಜಿ?

ಉಪ್ಪಳ ಡ್ರೈವರ್:
ತಿಂಗಳಿಗೆ 800 ಕಿ.ಮೀ. ಓಡುವವರಿಗೆ ಬೇಡ. ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಟೆಸ್ಟ್ ಮಾಡಿಸಬೇಕು, ಡಿಕ್ಕಿ ಹೋಗುತ್ತದೆ, ತುಂಬಿಸಲು ಕ್ಯೂ ನಿಲ್ಲಬೇಕು. ನನ್ನಂತೆ ದಿನಾ ಓಡಿಸುವವರಿಗೆ ಸರಿ.

ಮುಳ್ಳೇರಿಯ ಅಕ್ಕ:
ಬಿಲ್ಲು ನೋಡಿ ಸಹಿ ಹಾಕಿ ಅಂತ ಹೇಳಲು ಮರೆತೆ. ನಾವು ಕಾರು ತೆಗೆದುಕೊಂಡ ಶೋರೂಮಿನಲ್ಲಿ ಕೊಟೇಶನ್ನಿಗೆ ಕೇಳದೆಯೇ ಚಾಪೆ, ಮಡ್‌ಫ್ಲಾಪ್, ಸೀಟ್ ಕವರು ಎಲ್ಲ ಸೇರಿಸಿ 'ಇದು ಎಲ್ಲರಿಗೂ ಇರುವುದೇ' ಅಂದರು. ಬೇಡ ಅಂದ ಮೇಲೆ ತೆಗೆದರು. ಇನ್ಶೂರೆನ್ಸ್ ಕೂಡ ಅವರಲ್ಲೇ ಮಾಡಿಸಬೇಕೆಂದಿಲ್ಲ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ 2018ರ ಸೆಪ್ಟೆಂಬರಿನಿಂದ ಕಡ್ಡಾಯ, ನಮ್ಮ ಗಾಡಿಯ ಹಾನಿಗೆ ಮಾಡಿಸುವುದು ವರ್ಷಕ್ಕೊಮ್ಮೆ ನಮ್ಮ ಇಷ್ಟ. ಮತ್ತೆ ಒಂದು, ಎಲ್ಲವನ್ನೂ ಕನ್ನಡದಲ್ಲೇ ಕೇಳಿ. ಅಪ್ಪನಿಗೂ ಅರ್ಥವಾಗುವ ಹಾಗೆ ಹೇಳಿ ಅನ್ನಿ. ಕಾಸರಗೋಡಿನ ಶೋರೂಮುಗಳಲ್ಲಿ ಕನ್ನಡವೋ ತುಳುವೋ ಬರುವ ಒಬ್ಬರಾದರೂ ಸಿಗುತ್ತಾರೆ, ಕರೆಸಿಕೊಳ್ಳಿ.

ಕುಂಬಳೆ ಗ್ಯಾರೇಜ್:
ಇನ್ಶೂರೆನ್ಸಿನಲ್ಲಿ ಇಂಜಿನ್ ಪ್ರೊಟೆಕ್ಷನ್ ಅಂತ ಒಂದು ಇದೆ, ಅದನ್ನು ಬಿಡಬೇಡಿ. ಮಧುವಾಹಿನಿ ಉಕ್ಕಿದರೆ ಮಧೂರು ದೇವಸ್ಥಾನದ ಒಳಗೇ ನೀರು ಬರುವ ಊರು ನಮ್ಮದು. ನೀರು ನಿಂತ ಮಾರ್ಗದಲ್ಲಿ ಗಾಡಿ ಬಂದ್ ಬಿದ್ದರೆ ಮತ್ತೆ ಸ್ಟಾರ್ಟ್ ಮಾಡಲೇಬಾರದು. ಒಳಗೆ ಹೋದ ನೀರನ್ನು ಪಿಸ್ಟನ್ ಒತ್ತಲು ಆಗದೆ ಕನೆಕ್ಟಿಂಗ್ ರಾಡು ಬಾಗುತ್ತದೆ. ನೀರು ಹೋದದ್ದರಿಂದ ಇಂಜಿನ್ ಹಾಳಾದದ್ದಕ್ಕಿಂತ, ಆಮೇಲೆ ಚಾವಿ ತಿರುಗಿಸಿದ್ದರಿಂದ ಹಾಳಾದದ್ದು ಜಾಸ್ತಿ. ದೂಡಿ ಬದಿಗೆ ತಂದು ಫೋನ್ ಮಾಡಿ.

ಇನ್ನು ಇಲಿ. ತೋಟದ ಮನೆಯಲ್ಲಿ ಕಾರಿನ ಮೊದಲ ಶತ್ರು ಇಲಿ. ಅಡಿಕೆ ಸಿಪ್ಪೆಯ ರಾಶಿಯ ಪಕ್ಕ ಕಾರು ನಿಲ್ಲಿಸಬೇಡಿ, ಅವು ಮರಿ ಹಾಕುವುದು ಅಲ್ಲೇ. ಇಂಜಿನ್ ಬಿಸಿಯಿರುವಾಗ ಬೆಚ್ಚಗೆ ಅಂತ ಒಳಗೆ ಸೇರುತ್ತವೆ, ಹೊರಡುವ ಮೊದಲು ವಯರು ಕಡಿಯುತ್ತವೆ. ರಾತ್ರಿ ಬಾನೆಟ್ ತೆರೆದಿಡಿ. ಬೆಳಕು, ಗಾಳಿ ಇದ್ದರೆ ಕೂರುವುದಿಲ್ಲ. ಹೊಗೆಸೊಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಇಡುವವರಿದ್ದಾರೆ. ವಾಸನೆ ಇರುವವರೆಗೆ ಅದೂ ಸರಿಯೇ, ಮಳೆಗಾಲದಲ್ಲಿ ವಾರಕ್ಕೊಮ್ಮೆ ಬದಲಿಸಬೇಕು. ಏರ್ ಫಿಲ್ಟರಿಗೆ ಗಾಳಿ ಹೋಗುವ ಬಾಯಿಗೆ ಸಣ್ಣ ಕಣ್ಣಿನ ಕಬ್ಬಿಣದ ಬಲೆ ಕಟ್ಟಿಸಿ.

ಪಡ್ರೆ ಕೃಷಿಕ:
ಎರಡೂವರೆ ತಿಂಗಳ ಮೇಲೆ ಬರೆಯುತ್ತಿದ್ದೇನೆ. ನೀವೆಲ್ಲ ಇಷ್ಟು ಸಮಯ ಕೊಟ್ಟು ಬರೆದದ್ದಕ್ಕೆ ಏನಾಯಿತು ಅಂತ ತಿಳಿಸಬೇಕು.

ಮೊದಲು ಕಣಿಗೆ ಪೈಪು ಹಾಕಿಸಿದೆವು. ಎರಡು ದಿನದ ಕೆಲಸ. ಗೀರು ಓರೆಯಾಗಿ ಎಳೆಯಬೇಕೆಂದು ಮೇಸ್ತ್ರಿಗೆ ಹೇಳಿದಾಗ ಅವರಿಗೂ ಹಿಡಿಸಿತು. ಕೆಲಸ ಮುಗಿದು ಎರಡು ವಾರ ಬಿಟ್ಟು ಆಲ್ಟೊ ಹತ್ತಿಸಿದೆ, ಅಡಿ ತಾಗಲಿಲ್ಲ. ಇದೇ ಕೆಲಸವನ್ನು ಹತ್ತು ವರ್ಷ ಮೊದಲು ಮಾಡಿಸಬಹುದಿತ್ತಲ್ಲ ಅಂತ ಅಪ್ಪ ಹೇಳಿದರು.

ಅಪ್ಪನ ಕುರ್ಚಿಯ ಎತ್ತರ 20 ಇಂಚು. ಟೇಪು ಹಿಡಿದುಕೊಂಡು ಎರಡು ಶೋರೂಮಿಗೆ ಹೋದೆವು, ಅಪ್ಪನನ್ನೂ ಕರೆದುಕೊಂಡು. ವ್ಯಾಗನ್‌ಆರ್‌ನಲ್ಲಿ ಒಂದೇ ಸಲಕ್ಕೆ ಕೂತರು, ಒಂದೇ ಸಲಕ್ಕೆ ಎದ್ದರು. ಪಂಚ್‌ನಲ್ಲಿ ಹೊಸಿಲು ಸ್ವಲ್ಪ ಎತ್ತರ ಅನಿಸಿತು, ಆದರೆ ಬಾಗಿಲು 90 ಡಿಗ್ರಿ ತೆರೆಯುವ ಕಾರಣ ಪೂರ್ತಿ ತಿರುಗಲು ಜಾಗ ಸಿಕ್ಕಿತು. ಹಿಂದಿನ ಸೀಟಿನಲ್ಲಿ ಕಷ್ಟವಾಯಿತು. ಅಕ್ಕ ಹೇಳಿದ ಹಾಗೆ ಎದುರಿನ ಸೀಟನ್ನು ಹಿಂದೆ ದೂಡಿ, ಬೆನ್ನು ಹಾಕಿ ಕೂರಿಸಿದಾಗ ಸಲೀಸಾಗಿ ಕೂತರು. "ನಾನಿನ್ನು ಎದುರೇ ಕೂರುವುದು, ನಿಮ್ಮಲ್ಲಿ ಒಬ್ಬರು ಹಿಂದೆ ಹೋಗಿ" ಅಂದರು.

ಟೆಸ್ಟ್ ಡ್ರೈವಿಗೆ ಮನೆಯವರೆಗೆ ಗಾಡಿ ತರಬೇಕು ಅಂತ ಕೇಳಿದೆ. ಮೊದಲು ದೂರ ಆಯಿತು ಅಂದರು, ಮತ್ತೆ ಒಪ್ಪಿದರು. ಐದು ಜನ ಕೂತು ಹತ್ತಿಸಿದೆವು. ಎಎಂಟಿಯನ್ನೂ ತಂದಿದ್ದರು. ಚಡಾವಿನ ನಡುವೆ ಹೆಂಡತಿ ಬೇಕೆಂದೇ ನಿಲ್ಲಿಸಿ ಹೊರಟಳು, ಒಂದು ಗಜ ಹಿಂದೆ ಬಂತು. ಮ್ಯಾನುವಲ್ಲಿನಲ್ಲಿ ಹ್ಯಾಂಡ್ ಬ್ರೇಕು ಹಿಡಿದು ಮೂರು ಸಲ ಮಾಡಿದಳು, ಮೂರನೇ ಸಲ ಹಿಂದೆ ಬರಲಿಲ್ಲ. 'ನನಗೆ ಇದೇ ಇರಲಿ, ನನ್ನ ಕಾಲಿಗೆ ಗೊತ್ತಾಗುತ್ತದೆ' ಅಂದಳು.

ಹಾಗೆ ಪಂಚ್ ಮ್ಯಾನುವಲ್, ಕೆಎಲ್ 14. ಆನ್‌ರೋಡ್ 9 ಲಕ್ಷದ ಒಳಗೇ ಬಂತು. ತಮ್ಮನಿಗೆ ಫೋನ್ ಮಾಡಿ ಟ್ಯಾಕ್ಸಿನ ಲೆಕ್ಕ ಹೇಳಿದೆ, ಒಪ್ಪಿದ. ಮಧೂರಿನಲ್ಲಿ ಪೂಜೆ ಮಾಡಿಸಿ ಮನೆಗೆ ತಂದೆವು.

ವ್ಯಾಗನ್‌ಆರ್ ಬಿಟ್ಟದ್ದು ಮಕ್ಕಳ ಕಾರಣಕ್ಕೆ. ಮಂಜೇಶ್ವರದವರು ಹೇಳಿದ್ದು ಸುಳ್ಳಲ್ಲ, ಅಪ್ಪನಿಗೆ ಅದೇ ಹೆಚ್ಚು ಸುಲಭ ಇತ್ತು. ಅದಕ್ಕೆ ಕಾರು ನಿಲ್ಲಿಸುವ ಜಾಗದಲ್ಲಿ ನಾಲ್ಕು ಇಂಚಿನ ಒಂದು ಕಲ್ಲಿನ ಮೆಟ್ಟಿಲು ಕಟ್ಟಿಸಿದ್ದೇನೆ. ಅಪ್ಪ ಅದರ ಮೇಲೆ ನಿಂತು ಬೆನ್ನು ತಿರುಗಿಸಿ ಕೂರುತ್ತಾರೆ. ಮಂಗಳೂರಿಗೆ ಎರಡು ಸಲ ಹೋಗಿ ಬಂದೆವು, ಹಲ್ಲು ಕಚ್ಚಲಿಲ್ಲ.

ಬದಿಯಡ್ಕ ಮೇಷ್ಟ್ರು:
ತುಂಬ ಸಂತೋಷವಾಯಿತು. ಚಿಕ್ಕವಳು ಸೀಟಿನಲ್ಲಿ ಕೂರುತ್ತಾಳಾ? ಆರು ಜನ ಒಟ್ಟಿಗೆ ಹೋಗುವಾಗ ಹೇಗೆ ಮಾಡುತ್ತೀರಿ?

ಪಡ್ರೆ ಕೃಷಿಕ:
ಮೊದಲ ಎರಡು ದಿನ ಅಳು ಮೇಷ್ಟ್ರೇ. ಅಜ್ಜಿಯ ಮಡಿಲೇ ಬೇಕು ಅಂತ ಹಠ. ಮೂರನೇ ದಿನ ಅಜ್ಜಿ ತನ್ನ ಬೆಲ್ಟು ಹಾಕಿಕೊಂಡು 'ನೋಡು, ನನಗೂ ಉಂಟು' ಅಂದರು. ಈಗ ಅಜ್ಜಿಯದ್ದು 'ಟಿಕ್' ಅನ್ನುವ ಸದ್ದು ಕೇಳದೆ ಅವಳು ಗಾಡಿ ಹೊರಡಲು ಬಿಡುವುದಿಲ್ಲ.

ಆರು ಜನ ಒಟ್ಟಿಗೆ ಹೋಗುವುದು ವರ್ಷಕ್ಕೆ ನಾಲ್ಕೈದು ಸಲ. ಆಗ ನಾನು ಬೈಕಿನಲ್ಲಿ ಬರುತ್ತೇನೆ, ಕಾರು ಹೆಂಡತಿ ಓಡಿಸುತ್ತಾಳೆ. ಮೊನ್ನೆ ಪೆರ್ಲದ ಮದುವೆಗೆ ಹಾಗೆಯೇ ಹೋದೆವು.

ಕುಂಬಳೆ ಗ್ಯಾರೇಜ್:
ಇಲಿಯ ಬಲೆ ಕಟ್ಟಿಸಿದಿರಾ?

ಪಡ್ರೆ ಕೃಷಿಕ:
ಇಲ್ಲ ಅಣ್ಣ, ಅದೊಂದು ಬಾಕಿ. ಅಡಿಕೆ ಸಿಪ್ಪೆಯ ರಾಶಿಯನ್ನು ಹಟ್ಟಿಯ ಹಿಂದಕ್ಕೆ ಹಾಕಿಸಿದ್ದೇನೆ. ಸೋಮವಾರ ಕುಂಬಳೆಗೆ ಬರುವುದಿದೆ, ನಿಮ್ಮಲ್ಲೇ ಕಟ್ಟಿಸುತ್ತೇನೆ.

ಕುಂಬಳೆ ಗ್ಯಾರೇಜ್:
ಬೆಳಿಗ್ಗೆ ಹತ್ತರ ಮೊದಲು ಬನ್ನಿ, ಇಂಜಿನ್ ತಣಿಯಲು ಸ್ವಲ್ಪ ಹೊತ್ತು ಬೇಕು.